ಬಾಯಿ ಕಟ್ಟಿದ ಕೋವಿ

ನಮ್ಮೂರಿನಲ್ಲಿ ಕೋವಿ ಹಾರಿಸಿದರೆ ಹೊಗೆ ಆಗಲೇ ಬರುತ್ತದೆ, ಗುಂಡೂ ಆಗಲೇ ಹೋಗುತ್ತದೆ, ಸದ್ದು ಮಾತ್ರ ತನಗೆ ಮನಸ್ಸಾದಾಗ ಬರುತ್ತದೆ. ಕೆಲವು ಸಲ ಸಂಜೆಯೊಳಗೆ ಬಂದುಬಿಡುತ್ತದೆ. ಕೆಲವು ಸಲ ಹಾರಿಸಿದವನ ಮೊಮ್ಮಗ ಕೋವಿಯನ್ನು ಗೂಟದಿಂದ ಇಳಿಸಿ ಧೂಳು ಒರೆಸುವಾಗ ಬರುತ್ತದೆ. ಬಂದಾಗ ಆ ಮನೆಯವರು ಯಾರಾದರೂ ‘ಓ’ ಅನ್ನಬೇಕು. ಯಾರೋ ಕರೆದರೆ ಓಗೊಡುವುದಿಲ್ಲವೇ, ಹಾಗೆ. ಓ ಅಂದರೆ ಸದ್ದು ಮನೆ ಸೇರಿತು. ಅನ್ನದಿದ್ದರೆ ಅದು ಊರ ಸುತ್ತ ದಾರಿ ತಪ್ಪಿದ ಕರುವಿನ ಹಾಗೆ ಅಲೆಯುತ್ತದೆ ಎಂದು ಹಿರಿಯರು ಹೇಳುತ್ತಾರೆ.

ನಮಗೆ ಇದೆಲ್ಲ ಒಗ್ಗಿಹೋಗಿದೆ. ಕೋವಿ ತೂಗುಹಾಕಿದ ಗೋಡೆಯ ಬುಡದಲ್ಲಿ ತುಂಬಿದ ಗಡಿಗೆ ಇಡುವುದಿಲ್ಲ. ಬಾಣಂತಿಯ ಹಾಸಿಗೆ ಹಾಕುವುದಿಲ್ಲ. ಹೊರಗಿನಿಂದ ಬಂದವರಿಗೇ ಕಷ್ಟ. ಒಮ್ಮೆ ಬಳೆಗಾರನೊಬ್ಬ ಹಿರೀಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಆ ಮನೆಯ ಮುತ್ತಾತನ ಸದ್ದು ಬಂತು. ಬಳೆಗಾರ ಎಲೆ ತುಳಿದುಕೊಂಡು ಬಾಗಿಲಿಗೆ ಓಡಿದ. ಮನೆಯ ಮುದುಕಿ ಬಾಯಲ್ಲಿದ್ದ ತುತ್ತು ನುಂಗಿ ‘ಓ’ ಅಂದು, ಸೆರಗು ಸರಿಮಾಡಿಕೊಂಡು, “ಕೂತ್ಕಳಪ್ಪ, ಏನಿಲ್ಲ, ನಮ್ಮ ಮಾವನೋರು” ಅಂದಳಂತೆ.

ನನ್ನ ಹೆಸರು ಮೋನಾಚಾರಿ. ನಳಿಗೆಯ ಬಾಯಿಂದ ಮದ್ದು ತುಂಬಿ, ಗಜ ಅನ್ನುವ ಉದ್ದ ಕಡ್ಡಿಯಿಂದ ಜಡಿದು, ಕೇಪು ಇಟ್ಟು ಹಾರಿಸುವ ಹಳೇ ಕೋವಿಗಳನ್ನು ರಿಪೇರಿ ಮಾಡುವುದು ನಮ್ಮ ಮನೆತನದ ಕೆಲಸ. ಹೊಸದಾಗಿ ಕಟ್ಟುವುದೂ ಉಂಟು, ಆದರೆ ಈಗ ಯಾರೂ ಹೊಸದು ಕೇಳುವುದಿಲ್ಲ. ಇರುವುದನ್ನೇ ಉಳಿಸಿಕೊಡು ಅನ್ನುತ್ತಾರೆ. ಹಾರಿಸಿಯೂ ಸದ್ದು ಬಾರದ ಕೋವಿಗೆ ನಾವು ಬಾಯಿ ಕಟ್ಟಿದ ಕೋವಿ ಎನ್ನುತ್ತೇವೆ. ಅದರ ನಳಿಗೆಯ ತುದಿಗೆ ಅರಿಸಿನದ ದಾರ ಕಟ್ಟುವವನು ನಾನು. ಸದ್ದು ಬಂದ ಮೇಲೆ ಆ ದಾರ ಕತ್ತರಿಸುವವನೂ ನಾನೇ. ಬೇರೆ ಯಾರೂ ಮುಟ್ಟುವ ಹಾಗಿಲ್ಲ. ದಾರ ಇರುವ ತನಕ ಆ ಕೋವಿಗೆ ಮತ್ತೆ ಮದ್ದು ತುಂಬುವುದಿಲ್ಲ, ಮತ್ತು ಹಾರಿಸಿದವನು ಸತ್ತ ಲೆಕ್ಕಕ್ಕೆ ಬರುವುದಿಲ್ಲ. ಕಣ್ಣೆದುರೇ ಮಣ್ಣು ಮಾಡಿ ಬಂದಿದ್ದರೂ ಅಷ್ಟೇ. ಅವನಿಗೆ ಎಡೆ ಇಡುವುದಿಲ್ಲ, ಊಟಕ್ಕೆ ಎಲೆ ಹಾಕುತ್ತಾರೆ. ಅವನ ಹೆಂಡತಿ ಕುಂಕುಮ ಇಡುತ್ತಾಳೆ. ನನ್ನ ಕತ್ತರಿ ದಾರಕ್ಕೆ ತಾಗಿದ ಮೇಲೆಯೇ ಅವಳು ಅಳುವುದು.

ಹೀಗಾಗಿ ನಾನು ಕತ್ತರಿಯನ್ನು ಸುಮ್ಮನೆ ಎತ್ತುವವನಲ್ಲ. ದಿನಾ ಬೆಳಿಗ್ಗೆ ಸದ್ದಿನಮ್ಮನ ಗುಡಿಗೆ ಹೋಗಿ ಕಲ್ಲಿಗೆ ನೀರೆರೆದು, ಕತ್ತರಿಯನ್ನು ಅವಳ ಪಾದದ ಹತ್ತಿರ ಇಟ್ಟು, ಮತ್ತೆ ಎತ್ತಿಕೊಂಡು ಬಂದೇ ಕೆಲಸಕ್ಕೆ ಕೂರುತ್ತೇನೆ. ಅವಳ ಗುಡಿಗೆ ಗಂಟೆ ಇಲ್ಲ. ಯಾಕೆ ಇಲ್ಲ ಎಂದು ನಾನು ಚಿಕ್ಕವನಿದ್ದಾಗ ಅಪ್ಪನನ್ನು ಕೇಳಿದ್ದೆ. “ಕರೆಯೋಳು ಅವಳು. ನಾವು ಅವಳನ್ನ ಕರೆಯೋದು ಏನೈತೆ” ಅಂದಿದ್ದ.

ಕೆರೆಬೀದಿಯ ಹೊನ್ನಮ್ಮ ಬಂದದ್ದು ಅವರೆಕಾಯಿಯ ಕಾಲದಲ್ಲಿ. ಮಗುವನ್ನು ಎತ್ತಿಕೊಂಡ ಹಾಗೆ ಕೋವಿಯನ್ನು ಹಳೇ ಕಂಬಳಿಯಲ್ಲಿ ಸುತ್ತಿ ತೋಳಿನಲ್ಲಿ ಹಿಡಿದಿದ್ದಳು. ಅದರ ಕಥೆ ಊರಿಗೆಲ್ಲ ಗೊತ್ತು. ಮಗಳು ಚೆನ್ನಾಜಿಗೆ ಹೆಸರಿಟ್ಟ ದಿನ ಅವಳ ಗಂಡ ಬೋರಲಿಂಗ ಅಂಗಳದಲ್ಲಿ ನಿಂತು ಆಕಾಶಕ್ಕೆ ಹಾರಿಸಿದ್ದ. ಹೊಗೆ ಬಂತು, ಸದ್ದು ಬರಲಿಲ್ಲ. ಕೋವಿಯನ್ನು ಗೂಟಕ್ಕೆ ಹಾಕಿ, ತೊಟ್ಟಿಲಿಗೆ ಗಿಲಕಿ ತರುತ್ತೇನೆ ಎಂದು ಹೊಳೆಯಾಚೆಯ ಸಂತೆಗೆ ಹೋದ. ಗಿಲಕಿಯೂ ಬರಲಿಲ್ಲ, ಅವನೂ ಬರಲಿಲ್ಲ. ದಾರ ಇದ್ದುದರಿಂದಷ್ಟೇ ಊರು ಅವನನ್ನು ಸತ್ತವರ ಲೆಕ್ಕಕ್ಕೆ ಸೇರಿಸಿರಲಿಲ್ಲ. ಈಗ ಚೆನ್ನಾಜಿಯ ಮದುವೆ ಗೊತ್ತಾಗಿತ್ತು.

ಹೊನ್ನಮ್ಮ ಕಂಬಳಿ ಬಿಚ್ಚಿದಳು. ಹಿಡಿಯ ಮರ ಗೆದ್ದಲು ತಿಂದು ಬೆಂಡಿನ ಹಾಗಾಗಿತ್ತು. ಬೆರಳಿಟ್ಟರೆ ಪುಡಿ ಉದುರುತ್ತಿತ್ತು. ನಳಿಗೆಗೆ ತುಕ್ಕು ಹತ್ತಿತ್ತು. ತುದಿಯ ದಾರ ಮಾತ್ರ ಹಳದಿಯಾಗಿಯೇ ಇತ್ತು. ಪ್ರತಿ ಹಬ್ಬಕ್ಕೂ ಅದಕ್ಕೆ ಅರಿಸಿನ ಹಚ್ಚುತ್ತಿದ್ದಳು.

“ಧಾರೆಗೆ ಅಪ್ಪನ ಜಾಗದಾಗೆ ಇದನ್ನೇ ಕೂರಿಸ್ಬೇಕು ಆಚಾರಪ್ಪ” ಅಂದಳು. “ಹಿಂಗೇ ಕೂರಿಸಿದ್ರೆ ಬೀಗರು ಏನಂತಾರೆ? ಮಾವನಿಗೆ ಗೆದ್ಲು ಹತ್ತೈತೆ ಅನ್ನಲ್ವಾ?”

ನಾನು ನಕ್ಕೆ. ಅವಳು ನಗಲಿಲ್ಲ.

“ಇದು ಬಾಯಿ ಕಟ್ಟಿದ್ದು. ಬಿಚ್ಚಿದ್ರೆ ಏನೂ ಆಗಲ್ಲ ತಾನೆ? ಸದ್ದು ಎಲ್ಲಿರ್ತದೆ, ಕಬ್ಬಿಣದಾಗೋ ಮರದಾಗೋ?”

“ಕಬ್ಬಿಣದಾಗೆ ಹೊನ್ನಕ್ಕ. ಮದ್ದು ಉರಿದಿದ್ದು ಅಲ್ಲಿ. ಮರ ಏನು, ಹಿಡ್ಕಳಾಕೆ ಒಂದು ಹಿಡಿ.”

ಇಷ್ಟು ಗಟ್ಟಿಯಾಗಿ ಯಾಕೆ ಹೇಳಿದೆನೋ ಗೊತ್ತಿಲ್ಲ. ಬಾಯಿ ಕಟ್ಟಿದ ಕೋವಿಯನ್ನು ಬಿಚ್ಚಬಾರದು ಎಂದು ಅಪ್ಪ ಹೇಳಿದ್ದನೋ, ಬಿಚ್ಚುವ ಸಂದರ್ಭವೇ ಬಂದಿರಲಿಲ್ಲವೋ, ಈಗ ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಕಸುಬಿನವನಿಗೆ ಎದುರಿಗೆ ಇರುವ ಕೆಲಸದ ಮೇಲೆ ಆಸೆ. ಆ ನಳಿಗೆ ನನ್ನ ತಾತ ಬಡಿದದ್ದು ಎಂಬುದು ತುಕ್ಕಿನ ಮೇಲಿಂದಲೇ ಗೊತ್ತಾಗುತ್ತಿತ್ತು. ಅದನ್ನು ಮತ್ತೆ ಬೆಳಗಿಸಿ ನೋಡಬೇಕು ಅನ್ನಿಸಿತ್ತು.

ಹೊನ್ನಮ್ಮ ಹೋಗುವ ಮುಂಚೆ ಹೊಸಿಲ ಮೇಲೆ ನಿಂತಳು. “ನಿನ್ನತ್ರ ಮುಚ್ಚಿಡೋದೇನು ಆಚಾರಪ್ಪ. ಆ ಸದ್ದು ಬರಲಿ, ನಾನೇ ಓ ಅನ್ಬೇಕು ಅಂತ ಇಷ್ಟು ಕಾಲ ಮನೆ ಬಿಟ್ಟು ಒಂದು ರಾತ್ರಿ ತವರಿಗೂ ಹೋಗಿಲ್ಲ. ಈಗ ನೋಡು, ಧಾರೆ ಮುಗಿಯೋಗಂಟ ಬರಬ್ಯಾಡ ಅಂತ ಬೇಡ್ಕತೀನಿ. ಮುಂಚೆ ಬಂದ್ರೆ ಗಂಡ ಸತ್ತೋಳು ಅಂತ ಧಾರೆ ಗಿಂಡಿ ನನ್ನ ಕೈಗೆ ಕೊಡಲ್ಲ. ಎತ್ತಿ ಆಡ್ಸಿದೋಳು ನಾನು, ಹಾಲು ಬಿಡೋಳು ನಮ್ಮತ್ತಿಗೆ. ನಾನು ಕಂಬದ ಹಿಂದೆ ನಿಂತ್ಕಬೇಕು. ಗಂಡ ಬರಬೇಕು ಅಂತಾನೂ ಐತೆ, ಬರಬಾರ್ದು ಅಂತಾನೂ ಐತೆ. ಇಂಥೋಳಿಗೆ ಅಮ್ಮ ಏನು ಕೊಟ್ಟಾಳು?”

ಅವಳು ಹೋದ ಮೇಲೆ ಕೋವಿಯನ್ನು ಬಿಚ್ಚಿದೆ.

ನಳಿಗೆಗೆ ಹರಳೆಣ್ಣೆ ಹಚ್ಚಿ ನೆನೆಯಲು ಬಿಟ್ಟು, ತೆಂಗಿನ ನಾರಿನಿಂದ ಬೂದಿ ಹಾಕಿ ಉಜ್ಜಿದೆ. ದಾರಕ್ಕೆ ಎಣ್ಣೆ ತಾಗದ ಹಾಗೆ ಬಾಳೆಯ ಪಟ್ಟೆ ಸುತ್ತಿದ್ದೆ. ತುಕ್ಕಿನ ಅಡಿಯಿಂದ ಮೆಲ್ಲಮೆಲ್ಲಗೆ ತಾತನ ಗುರುತು, ಒಂದು ಪುಟ್ಟ ಹುಣಸೆ ಎಲೆ, ಮೇಲೆ ಬಂತು. ಒಳಗೆ ಮಾತ್ರ ಗಜ ಹಾಕಲಿಲ್ಲ. ಅಲ್ಲಿರುವುದು ನನ್ನ ಸ್ವತ್ತಲ್ಲ. ಹೊಸ ಹಿಡಿಗೆ ಹಲಸಿನ ಮರ ಆರಿಸಿಕೊಂಡೆ. ನಳಿಗೆಗೆ ದೀಪದ ಮಸಿ ಬಳಿದು ಮರದ ಕೊರಕಲಿಗೆ ಒತ್ತುವುದು, ಎತ್ತಿ ನೋಡುವುದು, ಕಪ್ಪು ಹತ್ತಿದ ಕಡೆ ಉಳಿಯಿಂದ ಕೂದಲೆಳೆಯಷ್ಟು ಕೆರೆಯುವುದು, ಮತ್ತೆ ಮಸಿ ಬಳಿದು ಒತ್ತುವುದು. ಮರದ ಉದ್ದಕ್ಕೂ ಒಂದೇ ಸಮ ಕಪ್ಪು ಹತ್ತಿದ ದಿನ ಕಬ್ಬಿಣ ಮರಕ್ಕೆ ಕೂತಿತು ಎಂದು ಅರ್ಥ. ಈ ಕೆಲಸದಲ್ಲಿ ಅವಸರ ನಡೆಯುವುದಿಲ್ಲ. ಜಪದ ಹಾಗೆ, ಮಾಡಿದ್ದನ್ನೇ ಮಾಡಬೇಕು.

ಹಳೇ ಹಿಡಿಯನ್ನು ಒಲೆಗೆ ಹಾಕಲು ಎತ್ತಿಕೊಂಡಿದ್ದೆ. ಆಗ ಕಣ್ಣಿಗೆ ಬಿತ್ತು: ಗುರಿ ಹಿಡಿಯುವಾಗ ಕೆನ್ನೆ ಊರುವ ಜಾಗ. ಅಲ್ಲಿ ಗೆದ್ದಲು ಮುಟ್ಟಿರಲಿಲ್ಲ. ಬೋರಲಿಂಗನ ಕೆನ್ನೆಯ ಜಿಡ್ಡು ಹೀರಿ ಮರ ಕಪ್ಪಗೆ ಮಿರುಗುತ್ತಿತ್ತು. ಮೂಗಿಗೆ ಹಿಡಿದರೆ ಇನ್ನೂ ಹೊಗೆಸೊಪ್ಪಿನ ವಾಸನೆ. ನಳಿಗೆಯನ್ನು ಎತ್ತಿ ನೋಡಿದೆ. ಅದರಲ್ಲಿ ತಾತನ ಗುರುತಿತ್ತು, ಈಗ ನಾನು ಉಜ್ಜಿದ ಗೀರುಗಳಿದ್ದವು, ಬೋರಲಿಂಗನದು ಏನೂ ಇರಲಿಲ್ಲ. ಹಾರಿಸುವಾಗ ಅವನು ಮುಖ ಇಟ್ಟದ್ದು ಮರಕ್ಕೆ. ಹಾಗಾದರೆ ಸದ್ದು ಎಲ್ಲಿದೆ? ಹಳೇ ಹಿಡಿಯನ್ನು ಒಲೆಗೆ ಹಾಕಲಿಲ್ಲ. ಬಾಗಿಲ ಪಕ್ಕ ಗೋಡೆಗೆ ಒರಗಿಸಿ ಇಟ್ಟೆ.

ಚಪ್ಪರ ಹಾಕುವ ಹಿಂದಿನ ದಿನ ಹೊನ್ನಮ್ಮ ಕೋವಿ ತೆಗೆದುಕೊಂಡು ಹೋಗಲು ಬಂದಳು. ಕೊಟ್ಟೆ. ಅವಳು ನನ್ನ ಕೆಲಸದ ಕಟ್ಟೆಯ ಮೇಲೆ ಕೂತು ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಹೊಸ ಮರದ ಮೇಲೆ ಅಂಗೈ ಆಡಿಸಿದಳು. “ನುಣ್ಣಗೈತೆ. ಅವನಿಗೆ ಇಷ್ಟು ನುಣುಪು ಯಾವತ್ತೂ ಇರಲಿಲ್ಲ ಬುಡು” ಅಂದಳು. ಮಧ್ಯಾಹ್ನದ ಬಿಸಿಲು ಹೊಸಿಲ ತನಕ ಬಂದಿತ್ತು. ನನ್ನ ಹೆಂಡತಿ ಕಾಳಮ್ಮ ಒಳಗೆ ರಾಗಿ ಬೀಸುತ್ತಿದ್ದಳು.

ಆಗ ಬಾಗಿಲಲ್ಲಿ ಯಾರೋ ಕೆಮ್ಮಿದರು.

ದೊಡ್ಡ ಕೆಮ್ಮಲ್ಲ. ಹೊಲದಿಂದ ಬಂದ ಗಂಡಸು ಒಳಗೆ ಹೆಂಗಸರಿದ್ದಾರೆ ಎಂದು ತಿಳಿದು, ಕಾಲು ಒಳಗಿಡುವ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಾನಲ್ಲ, ಅಷ್ಟೇ. ಹೊನ್ನಮ್ಮ ಸೆರಗು ತಲೆ ಮೇಲೆಳೆದುಕೊಂಡು “ಓ” ಅಂದಳು. ಅಂದು, ದಾರಿ ಬಿಡುವ ಹಾಗೆ ಒಂದು ಗೇಣು ಪಕ್ಕಕ್ಕೆ ಸರಿದು ಕೂತಳು.

ನಾನು ತಿರುಗಿ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಗೋಡೆಗೆ ಒರಗಿಸಿದ್ದ ಹಳೇ ಹಿಡಿ ಇತ್ತು, ಅದರ ಬುಡದಲ್ಲಿ ಒಂದು ಚಿಟಿಕೆ ಗೆದ್ದಲ ಪುಡಿ ಹೊಸದಾಗಿ ಉದುರಿತ್ತು. ಅವಳ ತೊಡೆಯ ಮೇಲಿನ ಕೋವಿ ಅಲುಗಿರಲಿಲ್ಲ. ದಾರ ಇದ್ದ ಹಾಗೇ ಇತ್ತು.

“ಯಾರು ಬಂದಿದ್ದು?” ಅಂದಳು ಹೊನ್ನಮ್ಮ.

“ಯಾರೂ ಇಲ್ಲ.”

ಬೀಸುವ ಕಲ್ಲು ಒಳಗೆ ತಿರುಗುತ್ತಲೇ ಇತ್ತು. ಅವಳು ಬಾಗಿಲ ಪಕ್ಕದ ಹಳೇ ಹಿಡಿಯ ಕಡೆ ನೋಡಿದಳು. ಆಮೇಲೆ ತೀರ ಸಣ್ಣ ದನಿಯಲ್ಲಿ, “ಆಚಾರಪ್ಪ, ನೀನೂ ಕೇಳಿದ್ಯಾ?” ಅಂದಳು.

“ಹುಳ ತಿಂದ ಮರ ಹೊನ್ನಕ್ಕ. ಬಿಸಿಲು ಬಿದ್ರೆ ಬಿರೀತದೆ.”

“ಮರ ಬಿರಿದಿದ್ದಕ್ಕೆ ನಾನು ಯಾಕೆ ಓ ಅಂದೆ?”

ನನ್ನ ಕತ್ತರಿ ಸೊಂಟದಲ್ಲೇ ಇತ್ತು. ಅವಳು ಅದನ್ನು ನೋಡಿದಳು, ನಾನೂ ನೋಡಿಕೊಂಡೆ. ಸದ್ದು ಬಂತು ಅಂದರೆ ದಾರ ಕತ್ತರಿಸಬೇಕು, ನಾಳಿದ್ದು ಅವಳು ಕಂಬದ ಹಿಂದೆ. ಬರಲಿಲ್ಲ ಅಂದರೆ ಇಷ್ಟು ವರ್ಷ ಕಾದ ಕರೆ ಬಂದು, ಅವಳು ಓ ಅಂದು, ಅದು ಏನೂ ಅಲ್ಲ ಎಂದಾಯಿತು. ನಾನು ಉಳಿ ಎತ್ತಿಕೊಂಡು ಮಸೆಯತೊಡಗಿದೆ. ಅವಳು ಕೋವಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ಎದ್ದಳು. ಹೋಗುವಾಗ ಬಾಗಿಲ ಪಕ್ಕದ ಹಳೇ ಹಿಡಿಯನ್ನು ತುಳಿಯಬಾರದೆಂದು ಸ್ವಲ್ಪ ಸುತ್ತಿ ನಡೆದಳು.

ಮಾರನೆಯ ಬೆಳಿಗ್ಗೆ ಸದ್ದಿನಮ್ಮನ ಕಲ್ಲಿಗೆ ನೀರೆರೆದು ಅಲ್ಲೇ ಕೂತುಬಿಟ್ಟೆ. ತಾಯಿ, ಒಬ್ಬ ಮನುಷ್ಯ ಹೋದ ಮೇಲೆ ಅವನದು ಅನ್ನುವುದು ಯಾವುದರಲ್ಲಿ ಉಳಿಯುತ್ತದೆ, ಗಟ್ಟಿಯಾಗಿದ್ದುದರಲ್ಲೋ, ಅವನು ಕೆನ್ನೆ ಊರಿದ್ದರಲ್ಲೋ, ಕೇಳಿದವರ ಕಿವಿಯಲ್ಲೋ ಎಂದು ಕೇಳಿದೆ. ಕಲ್ಲಿನ ಮೇಲೆ ನೀರು ಇಳಿಯಿತು. ಒಂದು ಇರುವೆ ಕುಂಕುಮದ ಸುತ್ತ ದಾರಿ ಹುಡುಕುತ್ತಿತ್ತು. ನಾನು ಏನು ಬಿಚ್ಚಿದೆ, ಏನನ್ನು ಯಾವುದಕ್ಕೆ ಕೂರಿಸಿದೆ ಎಂದು ಯೋಚಿಸುತ್ತಾ ಹೋದಂತೆ, ಮಸಿ ಬಳಿದು ಒತ್ತಿ ನೋಡಿದ ಮರದ ಹಾಗೆ ಮನಸ್ಸು ಅಲ್ಲಲ್ಲಿ ಕಪ್ಪಾಯಿತೇ ಹೊರತು ಒಂದೇ ಸಮ ಕೂರಲಿಲ್ಲ.

ಮದುವೆಯ ದಿನ ಚಪ್ಪರದಲ್ಲಿ ಹೊನ್ನಮ್ಮನ ಬಲಕ್ಕೆ ಮಣೆ ಹಾಕಿ, ಅದರ ಮೇಲೆ ಕೋವಿಯನ್ನು ನಿಲ್ಲಿಸಿ, ನಳಿಗೆಯ ತಲೆಗೆ ಜರಿಯ ಪೇಟ ಸುತ್ತಿದ್ದರು. ಪೇಟದ ಕೆಳಗೆ ಅರಿಸಿನದ ದಾರ ಇಣುಕುತ್ತಿತ್ತು. ಗಂಡಿನ ಕಡೆಯವರು ಬೇರೆ ಸೀಮೆಯವರು. ಅವರಲ್ಲಿ ಹಾರಿಸಿದ ತಕ್ಷಣ ಸದ್ದು ಬಂದುಬಿಡುತ್ತದಂತೆ. ಬೀಗರು ಕೋವಿಗೆ ಕೈಮುಗಿದು, “ಬೀಗರು ಮಾತು ಕಮ್ಮಿ ಅಂತ ಕಾಣ್ತದೆ” ಎಂದು ಚೇಷ್ಟೆ ಮಾಡಿದರು. ಊರ ಯಜಮಾನ ಬುಡ್ಡಯ್ಯ ಮುಂದಿನ ಸಾಲಿನಲ್ಲಿ ಕೋಲೂರಿ ಕೂತಿದ್ದ. ನಾನು ಕಂಬಕ್ಕೆ ಒರಗಿ ನಿಂತಿದ್ದೆ.

ಹುಡುಗ ಹುಡುಗಿಯ ಕೈ ಸೇರಿಸಿ, ಮೇಲೆ ತೆಂಗಿನಕಾಯಿ ಇಟ್ಟರು. ಹೊನ್ನಮ್ಮ ಗಿಂಡಿ ಎತ್ತಿದಳು. ಹಾಲು ಕಾಯಿಯ ಮೇಲೆ ಬಿತ್ತು, ಬೆರಳ ಸಂದಿಗಳಲ್ಲಿ ಇಳಿಯಿತು.

ಸದ್ದು ಆಗ ಬಂತು.

ಅಂಥ ಸದ್ದನ್ನು ನಾನು ಕೇಳಿರಲಿಲ್ಲ. ಮಣೆಯ ಮೇಲಿನ ಕೋವಿ ಹಿಂದಕ್ಕೆ ಜರುಗಿತು, ಪೇಟ ಹಾರಿ ಬೀಗರ ತೊಡೆಗೆ ಬಿತ್ತು, ಚಪ್ಪರದ ಮಾವಿನ ಎಲೆಯೆಲ್ಲ ಅಲುಗಿತು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಗಂಡಿನ ಕಡೆಯ ಅರ್ಧ ಜನ ಆಚೆ ಬೀದಿಯಲ್ಲಿದ್ದರು. ನಮ್ಮವರು ಕೂತಲ್ಲೇ ಕೂತು ಹೊನ್ನಮ್ಮನ ಬಾಯಿ ನೋಡಿದರು. ಅವಳು ಬಾಯಿ ತೆರೆಯಲಿಲ್ಲ. “ಓ” ಅಂದವಳು ಚೆನ್ನಾಜಿ. ಬಾಸಿಂಗದ ಕೆಳಗಿಂದ, ನಿದ್ದೆಯಲ್ಲಿ ಕರೆದಾಗ ಮಕ್ಕಳು ಅನ್ನುವ ಹಾಗೆ ಅಂದಳು. ಅಂದು ತಾನೇ ಬೆಚ್ಚಿದಳು.

“ಹೊನ್ನಮ್ಮ, ಗಿಂಡಿ ಕೆಳಗಿಡವ್ವ” ಅಂದ ಬುಡ್ಡಯ್ಯ. ದನಿಯಲ್ಲಿ ಸಿಟ್ಟಿರಲಿಲ್ಲ. “ಬೋರಲಿಂಗನ ಸದ್ದು ಬಂದಾಯ್ತು. ಮೋನಾಚಾರಿ, ದಾರ ಕತ್ತರ್ಸಪ್ಪ. ಮಿಕ್ಕಿದ ಹಾಲು ಅವಳ ಅತ್ತಿಗೆ ಬಿಡಲಿ.”

ಹೊನ್ನಮ್ಮ ಗಿಂಡಿ ಇಳಿಸಲಿಲ್ಲ. ಹಾಲು ಸಣ್ಣಗೆ ಬೀಳುತ್ತಲೇ ಇತ್ತು.

“ಬುಡ್ಡಯ್ಯ, ಒಂದು ಮಾತು. ನೀವು ನಿಮ್ಮನೆಯೋರನ್ನ ಹೆಂಗೆ ಕರೀತೀರ? ಹೆಸ್ರಿಡ್ಕಂಡು ಊರಿಗೆಲ್ಲ ಕೇಳಂಗೆ ಕೂಗ್ತೀರಾ?”

“ಥೂ, ನಾನ್ಯಾಕೆ ಕೂಗ್ಲಿ!”

“ಬಾಗ್ಲಾಗೆ ನಿಂತು ಕೆಮ್ತೀರ. ಅವನೂ ಹಂಗೇ. ನನಗೆ ಮೊನ್ನೆ ಕೆಮ್ಮಾಯ್ತು, ಆಚಾರಪ್ಪನ ಮನೆ ಬಾಗ್ಲಾಗೆ. ನಾನು ಓ ಅಂದೀನಿ. ಈಗ ಕೂಗಿದ್ದು ಮಗಳನ್ನ. ಹೆಸರಿಟ್ಟ ದಿನ ಹಾರ್ಸಿದ್ದಲ್ವಾ, ಅವಳನ್ನೇ ಕೂಗವ್ನೆ. ಅವಳು ಓ ಅಂದ್ಲು.”

ಬುಡ್ಡಯ್ಯ ಕೋಲು ಕುಟ್ಟಿದ. “ಮೊನ್ನೇನೇ ಬಂದಿದ್ರೆ ನೀನು ಇವತ್ತು ಗಿಂಡಿ ಮುಟ್ಟಂಗೇ ಇರಲಿಲ್ಲ!”

“ಮೊನ್ನೇದು ಸದ್ದಾದ್ರೆ ಇವತ್ತಿಂದೇನು?”

“ಇವತ್ತಿಂದೇ ಸದ್ದು!”

“ಇವತ್ತಿಂದಾದ್ರೆ ನಾನು ಮೊನ್ನೆ ಓ ಅಂದಿದ್ದು ಯಾರಿಗೆ?” ಹಾಲಿನ ಎಳೆ ಅಲುಗಿತು, ಆದರೆ ಕಡಿಯಲಿಲ್ಲ. “ಒಂದು ಕೋವಿಗೆ ಎರಡು ಬಂದ್ವಲ್ಲ ಬುಡ್ಡಯ್ಯ. ಮೂರನೇದು ಬರಲ್ಲ ಅಂತ ಯಾರು ಮಾತು ಕೊಡ್ತೀರಾ? ನಾಳೆ ಅವಳ ಮಗೀನ ಕೂಗಿದ್ರೆ? ದಾರ ಕಟ್ಟಿದೋನು ಆಚಾರಪ್ಪ. ಅವನು ಹೇಳ್ಲಿ, ಕತ್ತರಿಸ್ಲಿ, ನಾನು ಗಿಂಡಿ ಇಡ್ತೀನಿ.”

ಇಡೀ ಚಪ್ಪರ ನನ್ನ ಕಡೆ ತಿರುಗಿತು. ನಾನು ಕತ್ತರಿ ತೆಗೆದುಕೊಂಡು ಮಣೆಯ ಹತ್ತಿರ ಹೋಗಿ ಕೂತೆ. ನಳಿಗೆ ಬಿಸಿಯಾಗಿತ್ತು. ಇದು ಬೋರಲಿಂಗನ ಸದ್ದು, ಸಂಶಯವಿಲ್ಲ. ಕತ್ತರಿ ತೆರೆದೆ. ಅಷ್ಟರಲ್ಲಿ ಆ ಕೆಮ್ಮು ಕಿವಿಯಲ್ಲಿ ಮತ್ತೆ ಕೇಳಿತು, ಅವಳು ಸರಿದು ಕೂತ ಒಂದು ಗೇಣು ಜಾಗ ಕಣ್ಣಿಗೆ ಬಂತು. ಅದೂ ಬೋರಲಿಂಗನೇ. ಮದ್ದು ತುಂಬಿದ್ದು ಒಂದು, ಬಂದದ್ದು ಎರಡು. ಇದ್ದ ಒಂದನ್ನು ಕಬ್ಬಿಣ ಮರ ಎಂದು ಬೇರೆ ಮಾಡಿ ಎರಡಾಗಿಸಿದವನು ನಾನೇ ಏನೋ. ಅಥವಾ ಮೊದಲಿಂದಲೂ ಎರಡೇ ಇದ್ದವೇನೋ. ತಾತ ಇದ್ದಿದ್ದರೆ ಹೇಳುತ್ತಿದ್ದನೇ? ಅಮ್ಮನಿಗಾದರೂ ಗೊತ್ತೇ?

“ಏನಪ್ಪ?” ಅಂದ ಬುಡ್ಡಯ್ಯ.

“ಗೊತ್ತಿಲ್ಲ” ಅಂದೆ.

“ಗೊತ್ತಿಲ್ಲ ಅಂದ್ರೆ? ನಿಂಗೇ ಗೊತ್ತಿಲ್ದಿದ್ರೆ ಇನ್ಯಾರಿಗೆ?”

“ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಬುಡ್ಡಯ್ಯ. ಗೊತ್ತಿಲ್ದೆ ಕತ್ತರ್ಸಕ್ಕಾಗಲ್ಲ.”

ಕತ್ತರಿಯನ್ನು ಮುಚ್ಚಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬೀಗರ ತೊಡೆಯ ಮೇಲಿದ್ದ ಪೇಟವನ್ನು ತೆಗೆದುಕೊಂಡು, ನೆಟ್ಟಗೆ ನಿಲ್ಲಿಸಿದ ನಳಿಗೆಗೆ ಮತ್ತೆ ಸುತ್ತಿದೆ. ಬುಡ್ಡಯ್ಯ ಕುಟ್ಟಲು ಕೋಲೆತ್ತಿದವನು, ತನ್ನ ಹೆಂಡತಿಯ ಕಡೆ ನೋಡಿ, ಅದನ್ನು ಮೆಲ್ಲಗೆ ಕೆಳಗಿಟ್ಟ. ಅವನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು, ನಗುತ್ತಿದ್ದಳೋ ಅಳುತ್ತಿದ್ದಳೋ. ಹೊನ್ನಮ್ಮ ಗಿಂಡಿಯನ್ನು ಪೂರಾ ಬಗ್ಗಿಸಿದಳು. ಕೊನೆಯ ಹನಿಯ ತನಕ ಹಾಲು ಅವಳ ಕೈಯಿಂದಲೇ ಬಿತ್ತು.

ಆ ಕೋವಿ ಈಗಲೂ ಅವಳ ಮನೆಯ ಗೂಟದ ಮೇಲಿದೆ, ದಾರ ಸಮೇತ. ಹೊನ್ನಮ್ಮ ಕುಂಕುಮ ಇಡುತ್ತಾಳೆ, ಗಂಡನಿಗೆ ಎಲೆ ಹಾಕುತ್ತಾಳೆ. ಆದರೆ ತವರಿಗೆ ಹೋಗಿ ನಾಲ್ಕು ದಿನ ಇದ್ದೂ ಬರುತ್ತಾಳೆ. ಅದಕ್ಕೆ ಏನು ಅರ್ಥ ಎಂದು ಊರಲ್ಲಿ ಇನ್ನೂ ಚರ್ಚೆಯಿದೆ. ನನ್ನನ್ನು ಕೇಳಿದರೆ ನಾನು ಉಳಿ ಮಸೆಯುತ್ತಾ ಕೂರುತ್ತೇನೆ.

ಹಳೇ ಹಿಡಿ ನನ್ನ ಬಾಗಿಲ ಪಕ್ಕವೇ ಇದೆ. ಹೊನ್ನಮ್ಮ ಒಯ್ಯಲಿಲ್ಲ, ನಾನೂ ಕೇಳಲಿಲ್ಲ. ಮೊನ್ನೆ ಗುಡಿಯಿಂದ ಬಂದು ಹೊಸಿಲ ಹತ್ತಿರ ನಿಂತು ಗಂಟಲು ಸರಿಮಾಡಿಕೊಂಡೆ. ಒಳಗೆ ಬೀಸುವ ಕಲ್ಲು ನಿಂತಿತು. “ನೀವಾ? ಅವರಾ?” ಅಂದಳು ಕಾಳಮ್ಮ. ನಾನೇ ಕಣೇ ಅನ್ನಬೇಕೆಂದು ಬಾಯಿ ತೆರೆದವನು, ಆ ಮರದ ಕಡೆ ಒಮ್ಮೆ ನೋಡಿ, ಹೇಳುವುದೋ ಬೇಡವೋ ತಿಳಿಯದೆ ಹೊಸಿಲಾಚೆಯೇ ಸ್ವಲ್ಪ ಹೊತ್ತು ನಿಂತೆ.